ಪರದೆಯ ಇಂಚು ಸಾಕು, ಬಾನೆಟ್ ಎತ್ತಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ಬಿಡದೆ ಓದುತ್ತೇನೆ. ಹೊಸ ಕಾರು ಯಾವುದೇ ಬರಲಿ, ಪರದೆ ಎಷ್ಟು ಇಂಚು ಅನ್ನೋದು ಮೊದಲ ಪ್ಯಾರಾದಲ್ಲೇ ಬಂದುಬಿಡುತ್ತದೆ. ಸನ್‌ರೂಫ್ ಇದೆಯಾ, ಒಳಗಿನ ದೀಪಕ್ಕೆ ಎಷ್ಟು ಬಣ್ಣ, ಎಲ್ಲ ಇರುತ್ತದೆ. ಹೆಡ್‌ಲೈಟ್ ಬಲ್ಬ್ ಹೋದರೆ ನಾವೇ ಬದಲಿಸಬಹುದಾ? ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯಾ, ಇಲ್ಲ ಪಂಕ್ಚರ್ ಕಿಟ್ ಕೊಟ್ಟು ಕೈ ತೊಳೆದುಕೊಂಡಿದ್ದಾರಾ? ಇದನ್ನು ಯಾರೂ ಬರೆಯುವುದಿಲ್ಲ. ಈಗ ಕೆಲವು ಕಾರುಗಳಲ್ಲಿ ಆಯಿಲ್ ನೋಡುವ ಡಿಪ್‌ಸ್ಟಿಕ್ಕೇ ಇಲ್ಲ, ಗೊತ್ತಾ? ಆಯಿಲ್ ಎಷ್ಟಿದೆ ಅಂತ ಪರದೆಯನ್ನೇ ಕೇಳಬೇಕು.

ನನ್ನ ಬಳಿ 1970ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಹಿಂದೆ ಎಂಜಿನ್, ಮುಂದೆ ಡಿಕ್ಕಿ. ರೇಡಿಯೇಟರ್ ಇಲ್ಲ, ಗಾಳಿಯೇ ತಣಿಸಬೇಕು. ಎರಡೂವರೆ ಲೀಟರ್ ಆಯಿಲ್ ಹಿಡಿಯುತ್ತದೆ. ಅದಕ್ಕೆ ಫಿಲ್ಟರ್ ಇಲ್ಲ, ಒಂದು ಜಾಲರಿ ಅಷ್ಟೇ. ಹಾಗಾಗಿ 5,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸಿ, ಜಾಲರಿ ತೊಳೆದು, ಅದೇ ದಿನ ಟ್ಯಾಪೆಟ್ ಕೂಡ, ಅಂದರೆ ಎಂಜಿನ್ನಿನ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದನ್ನು, ಸೆಟ್ ಮಾಡುತ್ತೇನೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಅದಕ್ಕೇ ಹಿಂದಿನ ಸಂಜೆಯೇ ನಿಲ್ಲಿಸಿ, ಬೆಳಗ್ಗೆ ಮನೆಯವರು ಏಳುವ ಮುಂಚೆ ಕಾರಿನಡಿ ನುಗ್ಗುತ್ತೇನೆ. ವಾಲ್ವ್ ಕವರನ್ನು ಹಿಡಿದಿಟ್ಟಿರುವುದು ಒಂದು ಸ್ಪ್ರಿಂಗ್ ತಂತಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಟಕ್ ಅಂತ ಕಳಚಿಕೊಳ್ಳುತ್ತದೆ, ಜೊತೆಗೆ ನಾಲ್ಕು ತೊಟ್ಟು ಆಯಿಲ್ ಮೊಣಕೈ ಮೇಲೆ. 13ರ ರಿಂಗ್ ಸ್ಪಾನರಿನಲ್ಲಿ ನಟ್ ಸಡಿಲಿಸಿ, ಸಂದಿನೊಳಗೆ 0.15 ಮಿ.ಮೀ. ದಪ್ಪದ ಫೀಲರ್ ಗೇಜ್ ಅನ್ನುವ ಲೋಹದ ಪಟ್ಟಿ ತೂರಿಸಿ, ಸ್ಕ್ರೂ ತಿರುಗಿಸುತ್ತಾ ಹೋಗಬೇಕು. ಗೇಜ್ ತೀರಾ ಸಲೀಸಾಗಿ ಜಾರಬಾರದು, ಕಚ್ಚಿಕೊಳ್ಳಲೂಬಾರದು. ಮುಚ್ಚಿದ ಪುಸ್ತಕದ ನಡುವಿಂದ ಗುರುತಿನ ಚೀಟಿ ಎಳೆದ ಹಾಗೆ ಬರಬೇಕು. ಸರಿಹೋಯಿತು ಅಂತ ನಟ್ ಬಿಗಿಮಾಡಿದರೆ ಸ್ಕ್ರೂ ಕೂಡ ಚೂರು ತಿರುಗಿಬಿಡುತ್ತದೆ. ಮತ್ತೆ ಮೊದಲಿನಿಂದ. ಹೀಗೆ ಎಂಟು ವಾಲ್ವ್.

ಹೊಸಬರು ಟ್ಯಾಪೆಟ್ ಸದ್ದು ಕೇಳಿ ಹೆದರುತ್ತಾರೆ. ಸದ್ದು ಬಂದರೆ ಗಾಬರಿ ಬೇಡ, ನಿಂತಾಗ ಹೆದರಬೇಕು. ಸಂದು ಮುಚ್ಚಿಹೋದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ, ಬಿಸಿ ಇಳಿಯಲು ದಾರಿ ಸಿಗದೆ ಸುಟ್ಟುಹೋಗುತ್ತದೆ. ಅದರಲ್ಲೂ ಮೂರನೇ ಸಿಲಿಂಡರಿಂದು. ಆಯಿಲ್ ಕೂಲರ್ ಅದರ ಗಾಳಿಗೆ ಅಡ್ಡ ನಿಂತಿದೆ. 1971ರ ಮಾಡೆಲ್ಲಿಗೆ ಕೂಲರಿನ ಜಾಗ ಬದಲಿಸಿದರು. ನನ್ನದು ಒಂದು ವರ್ಷ ಮುಂಚೆ ಹುಟ್ಟಿಬಿಟ್ಟಿತು, ಏನು ಮಾಡೋದು!

ಈ ಕಾರಿನ ಇನ್ನೊಂದು ಕಿತಾಪತಿ ಹೇಳದಿದ್ದರೆ ಸಮಾಧಾನವಿಲ್ಲ. ಗಾಜಿಗೆ ನೀರು ಚಿಮ್ಮಿಸಲು ಮೋಟರ್ ಇಲ್ಲ. ಸ್ಟೆಪ್ನಿಯ ಗಾಳಿಯಿಂದಲೇ ನೀರು ಚಿಮ್ಮುತ್ತದೆ. ಗಾಳಿ ತೀರಾ ಇಳಿಯದಂತೆ ನಡುವೆ ಒಂದು ವಾಲ್ವ್ ಇಟ್ಟಿದ್ದಾರೆ. ಹೆಚ್ಚಿಗೆ ಸಾಮಾನೇ ಬೇಡದ ಉಪಾಯ, ಅಲ್ವಾ?

ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತ ವಾದಿಸುವವನು ನಾನಲ್ಲ. ನನ್ನ ಬೀಟಲಿನ ಪೆಟ್ರೋಲ್ ಟ್ಯಾಂಕ್ ಮೊಣಕಾಲಿನ ಮುಂದೆಯೇ ಇದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಜೋರು ಮಳೆಯಲ್ಲಿ ಅದನ್ನು ಹೆದ್ದಾರಿಗೆ ಇಳಿಸುವುದಿಲ್ಲ, ಮೊಮ್ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವುದೂ ಇಲ್ಲ. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೋದ ನಿಲ್ಸ್ ಬೊಲಿನ್ ತಂದರು. ಆ ಪೇಟೆಂಟನ್ನು ವೋಲ್ವೋ ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. 1978ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಹೋಗದಂತೆ ತಡೆಯುವ ಎಲೆಕ್ಟ್ರಾನಿಕ್ ಎಬಿಎಸ್ ಕೊಟ್ಟರು, 1995ರಲ್ಲಿ ಕಾರು ಅಡ್ಡ ಜಾರದಂತೆ ಹಿಡಿಯುವ ಇಎಸ್‌ಪಿ. ಇವೆಲ್ಲ ಸುಮ್ನೆ ತಮ್ಮ ಪಾಡಿಗೆ ಕಾದು ಕೂತಿರುತ್ತವೆ. ಚಕ್ರ ಜಾರಿದಾಗ ಎದ್ದು ಕೆಲಸ ಮಾಡುತ್ತವೆ. ನನ್ನನ್ನು ನೋಡು ಅಂತ ಕರೆಯುವುದಿಲ್ಲ. ಇಂಥ ಹೊಸತನಕ್ಕೆ ನನ್ನ ತಕರಾರೇ ಇಲ್ಲ.

ಹಳೆ ಕಾರನ್ನು ಕೊಂಡು, ಕವರ್ ಹೊದಿಸಿ, ಬೆಲೆ ಏರಲಿ ಅಂತ ಮಲಗಿಸುವವರ ಮೇಲೂ ನನಗೆ ಸಿಟ್ಟಿದೆ. ನಿಂತ ಕಾರಿನ ರಬ್ಬರ್ ಒಣಗುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ, ಬ್ರೇಕ್ ಆಯಿಲ್ ತೇವ ಎಳೆದುಕೊಳ್ಳುತ್ತದೆ. ಓಡಿಸದ ಕಾರು ಷೋಕೇಸಿನ ಗೊಂಬೆ. ಬೀಟಲ್ ಅಂತೂ ಅಪರೂಪದ್ದೇ ಅಲ್ಲ. 2003ರಲ್ಲಿ ಮೆಕ್ಸಿಕೋದ ಪ್ಯೂಬ್ಲಾದಲ್ಲಿ ಕೊನೆಯದು ಹೊರಬರುವಷ್ಟರಲ್ಲಿ 2 ಕೋಟಿ 15 ಲಕ್ಷ ದಾಟಿತ್ತು. ಅದಕ್ಕೇ ಅದರ ಬಿಡಿಭಾಗ ಇವತ್ತಿಗೂ ಸಿಗುತ್ತದೆ.

ಇನ್ನು ಡೀಲರುಗಳ ವಿಷಯ. ಮಗಳ ಹೊಸ ಕಾರನ್ನು ಮೂರನೇ ಸರ್ವೀಸಿಗೆ ನಾನೇ ಬಿಡಲು ಹೋಗಿದ್ದೆ. ಹಿಂದಿನ ಎರಡೂ ಬಿಲ್ಲಿನಲ್ಲಿ ಎಸಿ ಫಿಲ್ಟರ್ ಬದಲಿಸಿದ್ದಾಗಿ ಬರೆದಿತ್ತು. ಯಾಕೋ ಅನುಮಾನ ಬಂತು. ಬಿಡುವ ಮುಂಚೆ ಡ್ಯಾಶ್‌ಬೋರ್ಡಿನ ಖಾನೆ ಕಳಚಿ, ಫಿಲ್ಟರಿನ ಅಂಚಿನಲ್ಲಿ ಪೆನ್ನಿನಿಂದ ಸಣ್ಣದಾಗಿ ಒಂದು ನಕ್ಷತ್ರ ಬರೆದು ವಾಪಸ್ ತೂರಿಸಿದೆ. ಸಂಜೆ ಬಿಲ್ಲಿನಲ್ಲಿ ಮತ್ತೆ ಹೊಸ ಫಿಲ್ಟರ್. ಸರ್ವೀಸ್ ಅಡ್ವೈಸರ್ ಹುಡುಗನನ್ನು ಕಾರಿನ ಹತ್ತಿರ ಕರೆದು ಅವನ ಎದುರೇ ಬಿಚ್ಚಿದೆ. ಅದೇ ನಕ್ಷತ್ರ. ಮಡಿಕೆಯಲ್ಲಿ ಒಂದು ಒಣಗಿದ ಎಲೆ ಕೂಡ ಹಾಗೇ ಇತ್ತು. "ಬಿಲ್ಲಿಂಗಲ್ಲಿ ಮಿಸ್ಟೇಕ್ ಆಗಿದೆ ಸಾರ್" ಅಂದ. ಮೂರು ಸಲವೂ ಮಿಸ್ಟೇಕಾ ಅಂದರೆ ನೆಲ ನೋಡಿದ.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ದಿನಕ್ಕೆ ಇಷ್ಟು ಕಾರು ಮುಗಿಸಬೇಕು, ಇಷ್ಟು ಕೋಟಿಂಗ್, ಇಷ್ಟು ವಾರಂಟಿ ಮಾರಬೇಕು ಅಂತ ಅವನ ತಲೆ ಮೇಲೆ ಕೂತಿರುತ್ತಾರೆ. ನನ್ನ ಕೋಪ ವರ್ಕ್‌ಶಾಪ್ ಬಾಗಿಲಲ್ಲಿ ನೇತುಹಾಕಿರುವ 'ಗ್ರಾಹಕರಿಗೆ ಪ್ರವೇಶವಿಲ್ಲ' ಅನ್ನುವ ಬೋರ್ಡಿನ ಮೇಲೆ. ಅಪಾಯ ಅನ್ನುತ್ತಾರೆ. ಸರಿ, ಹಾಗಾದರೆ ಒಂದು ಗಾಜಿನ ಗೋಡೆ ಹಾಕಿ, ಆಚೆಯಿಂದ ನೋಡುತ್ತೇವೆ.

ಹೊಸ ಕಾರು ತಗೊಳ್ಳುವವರಿಗೆ ಒಂದು ಮಾತು. ಹೂವು, ಫೋಟೋ ಎಲ್ಲ ಆಮೇಲೆ. ಮೊದಲು ಬಗ್ಗಿ ಟೈರಿನ ಪಕ್ಕದಲ್ಲಿ ಡಿಒಟಿ ಅನ್ನುವ ಅಕ್ಷರ ಹುಡುಕಿ. ಅದರ ಕೊನೆಯ ನಾಲ್ಕು ಅಂಕಿ 2319 ಅಂತಿದ್ದರೆ ಆ ಟೈರ್ 2019ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯದನ್ನೂ ನೋಡಿ. ನೀವು ಬಗ್ಗಿದ ಕೂಡಲೇ ಸೇಲ್ಸ್‌ನವರ ಮುಖದ ಬಣ್ಣ ಬದಲಾದರೆ ಉಳಿದದ್ದನ್ನೂ ನಿಧಾನವಾಗಿ ನೋಡಿ.

ಮಾರಿದ ಮೇಲೂ ಕಾರು ತಮ್ಮದೇ ಅಂದುಕೊಳ್ಳುವ ಅಭ್ಯಾಸ ಕಂಪನಿಗಳಿಗೂ ಹತ್ತಿದೆ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಿಸಲು ತಿಂಗಳ ಚಂದಾ ಇಟ್ಟಿತ್ತು. ಹೀಟರ್ ಆಗಲೇ ಸೀಟಿನೊಳಗೆ ಕೂತಿದೆ, ಸ್ವಿಚ್ಚಿಗೆ ಬಾಡಿಗೆ! ಜನ ಬೈದರು, ಮರುವರ್ಷ ಕೈಬಿಟ್ಟರು.

ಓಡಿಸುವ ವಿಷಯಕ್ಕೆ ಬರುತ್ತೇನೆ. ಮಗಳ ಕಾರಿನಲ್ಲಿ ಒಂದು ರಾತ್ರಿ ಮಳೆ ಹಿಡಿದುಕೊಂಡಿತು. ಮುಂದಿನ ಗಾಜೆಲ್ಲ ಮಂಜು. ನನ್ನ ಕೈ ತಾನಾಗಿಯೇ ಗುಂಡಿ ಹುಡುಕಿತು, ಗುಂಡಿ ಇಲ್ಲ. ಪರದೆ ಮುಟ್ಟಿ, ಮೆನು ತೆರೆದು, ಒಳಗಿನ ಇನ್ನೊಂದು ಪುಟಕ್ಕೆ ಹೋಗಬೇಕು. ಒದ್ದೆ ಬೆರಳಿಗೆ ಪರದೆ ಮಾತು ಕೇಳಲಿಲ್ಲ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎಷ್ಟು ಮೀಟರ್ ಕುರುಡಾಗಿ ಹೋದೆನೋ ನೆನೆದರೆ ಈಗಲೂ ಬೆವರುತ್ತೇನೆ.

ಇದು ಮುದುಕನ ಗೊಣಗಾಟ ಅನ್ನಬೇಡಿ. ಸ್ವೀಡನ್ನಿನ ಒಂದು ಕಾರು ಪತ್ರಿಕೆ 2022ರಲ್ಲಿ ಗಂಟೆಗೆ 110 ಕಿ.ಮೀ. ವೇಗದಲ್ಲಿ ಇದನ್ನೇ ಅಳೆದು ನೋಡಿತ್ತು. ನಾಲ್ಕು ಸಣ್ಣ ಕೆಲಸ ಮುಗಿಸಲು ಗುಂಡಿಗಳಿದ್ದ 2005ರ ವೋಲ್ವೋದಲ್ಲಿ 10 ಸೆಕೆಂಡ್ ಸಾಕಾಯಿತು, ಅಷ್ಟರಲ್ಲಿ ಕಾರು 306 ಮೀಟರ್ ಸಾಗಿತ್ತು. ಪರದೆಯ ಕಾರುಗಳಲ್ಲಿ ತೀರಾ ಹಿಂದೆ ಬಿದ್ದದ್ದಕ್ಕೆ 44.9 ಸೆಕೆಂಡ್, 1,372 ಮೀಟರ್. ಈಗ ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯೂರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್ ಮುಂತಾದಕ್ಕೆ ಕೈಗೆ ಸಿಗುವ ಸ್ವಿಚ್ ಇರಬೇಕು, ಇಲ್ಲದಿದ್ದರೆ ಅಂಕ ಕಡಿಮೆ ಅನ್ನುತ್ತಿದೆ. ಹಾರ್ನ್‌ಗೂ ನಿಯಮ ಬರೆಯುವ ಕಾಲ ಬಂತಲ್ಲಪ್ಪ!

ಸಂಪಾದಕರೇ, ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ಸಲ ವಿಮರ್ಶೆಗೆ ಕಾರು ಬಂದಾಗ ನಿಮ್ಮ ವರದಿಗಾರರು ಅದನ್ನು ಮಳೆಯ ರಾತ್ರಿಯೊಂದರಲ್ಲಿ ಓಡಿಸಲಿ. ಹಗಲಲ್ಲಿ ಹೆಡ್‌ಲೈಟ್ ಬಲ್ಬನ್ನೂ ಎಸಿ ಫಿಲ್ಟರನ್ನೂ ತಾವೇ ಬಿಚ್ಚಿ ಹಾಕಲಿ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕಡೆ ಕೈ ತರಚಿತು ಅಂತ ಬರೆಯಲಿ. 10ರ ಸ್ಪಾನರ್ ಬೇಕಿದ್ದರೆ ನಾನೇ ಕೊಡುತ್ತೇನೆ, ಕಳೆಯದೆ ವಾಪಸ್ ಕೊಟ್ಟರಾಯಿತು. 13ರದ್ದು ಮಾತ್ರ ಕೇಳಬೇಡಿ, ಈ ಭಾನುವಾರ ಟ್ಯಾಪೆಟ್ ಇದೆ.

ಇಂತಿ,
ನಿಮ್ಮ ಹಳೆಯ ಓದುಗ