ಅಮ್ಮನಿಗೆ, ತಾತನ ಕಿಡ್ನಿ ಮತ್ತು ತಮ್ಮನ ಕೆಲಸದ ವಿಷಯ

ಅಮ್ಮಾ,

ಇಲ್ಲಿ ಅಮೆರಿಕದಲ್ಲಿ ನಾನು ಆರಾಮಾಗಿದೀನಿ. ಮೊನ್ನೆ ಫೋನಲ್ಲಿ "ನಮ್ಮ ವಂಶದಲ್ಲೇ ಕಿಡ್ನಿ ವೀಕು, ಹಣೇಲಿ ಬರೆದಿದ್ದನ್ನ ಯಾರು ತಪ್ಪಿಸ್ತಾರೆ" ಅಂದೆಯಲ್ಲ, ಆ ಮಾತು ತಲೆಯಿಂದ ಹೋಗ್ತಾನೇ ಇಲ್ಲ, ಅದಕ್ಕೇ ಬರೀತಿದೀನಿ. ತಮ್ಮನಿಗೂ ಪೂರ್ತಿ ಓದಿ ಹೇಳು, ಅವನು ಓದ್ತೀನಿ ಅಂತಾನೆ, ಓದಲ್ಲ.

ತಾತ ಪ್ರೆಸ್ಸಲ್ಲಿ ಅಚ್ಚುಮೊಳೆ ಜೋಡಿಸ್ತಿದ್ರು ಅಲ್ವಾ. ಆ ಮೊಳೇಲಿ ತವರ, ಆಂಟಿಮೊನಿ ಸ್ವಲ್ಪ ಇರತ್ತೆ, ಬಹುಪಾಲು ಸೀಸಾನೇ. ಅವರಿಗೆ ಮೊದಲು ಬಿಪಿ ಬಂತು, ಆಮೇಲೆ ಕಾಲಿನ ಹೆಬ್ಬೆರಳು ಊದೋ ಗೌಟ್, ಕೊನೆಗೆ ಕಿಡ್ನಿ ಹೋಯ್ತು. ಸೀಸ ವರ್ಷಗಟ್ಟಲೆ ಮೈಗೆ ಸೇರ್ತಾ ಹೋದ್ರೆ ಈ ಮೂರೂ ಒಟ್ಟಿಗೆ ಕಾಣಿಸ್ಕೊಳ್ಳೋದು ಡಾಕ್ಟರುಗಳಿಗೆ ತುಂಬಾ ಹಿಂದಿಂದಲೂ ಗೊತ್ತಿರೋದೇ. ತಾತನಿಗೆ ಅದರಿಂದಾನೇ ಆಯ್ತು ಅಂತ ನಾನು ಹೇಳ್ತಿಲ್ಲ, ಆಗ ಯಾರೂ ಅವರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಿಸ್ಲೇ ಇಲ್ಲ. ಆದ್ರೆ ಅಷ್ಟು ವರ್ಷ ಅವರು ಏನು ಮುಟ್ಟಿದ್ರು, ಏನು ಉಸಿರಾಡಿದ್ರು ಅಂತ ಕೇಳ್ದೇನೇ ವಂಶ ಅಂದ್ಬಿಡೋದು ನಂಗೆ ಸಂಕಟ ಆಗತ್ತೆ.

ವಂಶದ್ದು ಏನೂ ಇಲ್ಲ ಅಂತಲ್ಲ ಅಮ್ಮಾ. ಒಂದೇ ಮಳೇಲಿ ನೆಂದ್ರೂ ಒಬ್ಬನಿಗೆ ನೆಗಡಿ ಆಗತ್ತೆ ಇನ್ನೊಬ್ಬನಿಗೆ ಆಗಲ್ಲ, ಹಾಗೇ ಇದೂ. ಎಎಲ್‌ಎಡಿ ಅಂತ ಒಂದು ಜೀನ್ ಇದೆ, ರಕ್ತಕ್ಕೆ ಕೆಂಪು ಬಣ್ಣ ಕೊಡೋ ಹೀಮ್ ತಯಾರಾಗಕ್ಕೆ ಬೇಕಾದ ಎನ್‌ಜೈಮ್ ಅದರಿಂದ ಬರತ್ತೆ, ರಕ್ತಕ್ಕೆ ಬಂದ ಸೀಸ ಹೆಚ್ಚಾಗಿ ಹೋಗಿ ಅಂಟ್ಕೊಳ್ಳೋದು ಆ ಎನ್‌ಜೈಮಿಗೇ. ಕೆಲವರಲ್ಲಿ ಆ ಜೀನ್ ಸ್ವಲ್ಪ ಬೇರೆ ಥರ ಇರತ್ತೆ, ಅವರಲ್ಲಿ ಸೀಸ ಇನ್ನೂ ಗಟ್ಟಿಯಾಗಿ ಅಂಟ್ಕೊಳ್ಳತ್ತೆ, ಅದೇ ಜಾಗದಲ್ಲಿ ಅದೇ ಕೆಲಸ ಮಾಡಿದ್ರೂ ಅವರ ರಕ್ತದಲ್ಲಿ ಸೀಸ ಜಾಸ್ತಿ ಇರೋದನ್ನ ಹಲವು ಅಧ್ಯಯನಗಳಲ್ಲಿ ನೋಡಿದಾರೆ. ಆದ್ರೆ ಸೀಸಾನೇ ಮೈಗೆ ಹೋಗ್ಲಿಲ್ಲ ಅಂದ್ರೆ ಆ ವ್ಯತ್ಯಾಸ ಇದ್ರೂ ಅಂಟೋಕೆ ಏನಿರತ್ತೆ ಹೇಳು. ಜೀನ್ ಬದಲಾಯಿಸಕ್ಕಾಗಲ್ಲ, ಧೂಳು ಹೊಗೆ ಕಮ್ಮಿ ಮಾಡಬಹುದು. ಜೀನ್ ನೋಡಿ ಜನರನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ಇಲ್ಲಿ 2008ರಲ್ಲೇ ಜಿನಾ ಅನ್ನೋ ಕಾನೂನು ಮಾಡಿದಾರೆ, ಅದು ಸರಿ ಅಂತಲೇ ನನ್ನ ಅಭಿಪ್ರಾಯ, ಗಾಳಿ ಶುದ್ಧ ಮಾಡೋದು ಬಿಟ್ಟು ಮನುಷ್ಯರನ್ನ ಆರಿಸ್ತಾ ಕೂತ್ರೆ ಅನ್ಯಾಯ.

ಇಲ್ಲಿ ನಾನು ಕೆಲಸ ಮಾಡೋ ಕಂಪನೀಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಮಾಡ್ತಾರೆ ಅಂತ ಹೇಳಿದ್ನಲ್ಲ, ನಮ್ಮ ಯೂರಿನ್ ಟೆಸ್ಟಿಗೆ ಯಾಕೆ ತಗೋತಾರೆ ಅಂತ ನೀನು ಕೇಳಿದ್ದೆ. ಕ್ಯಾಡ್ಮಿಯಂ ಕೂಡ ಸೀಸದ ಥರ ವಿಷದ ಲೋಹ, ಕಿಡ್ನೀಲಿ ಹೋಗಿ ಕೂತ್ರೆ ಅರ್ಧ ಖಾಲಿಯಾಗಕ್ಕೇ 10ರಿಂದ 30 ವರ್ಷ ಬೇಕು, ಅದನ್ನ ಹೊರಗೆ ತೆಗೆಯೋ ನೆಚ್ಚಬಹುದಾದ ಔಷಧಿ ಇಲ್ಲ. ಕಿಡ್ನಿ ಒಳಗಿನ ಸಣ್ಣ ನಾಳಗಳಿಗೆ ಪೆಟ್ಟು ಬೀಳಕ್ಕೆ ಶುರುವಾದಾಗ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಅನ್ನೋ ಪ್ರೋಟೀನು ಯೂರಿನಲ್ಲಿ ಸೋರತ್ತೆ, ಕಿಡ್ನಿ ಹೊರಗೆ ಹಾಕೋ ಕಶ್ಮಲವಾದ ಕ್ರಿಯಾಟಿನಿನ್ ಒಂದು ಗ್ರಾಂ‌ಗೆ 300 ಮೈಕ್ರೋಗ್ರಾಂ ದಾಟಿದ್ರೆ, ಇಲ್ಲಾ ಯೂರಿನ್ ಕ್ಯಾಡ್ಮಿಯಂ ಅದೇ ಲೆಕ್ಕದಲ್ಲಿ 3 ಮೈಕ್ರೋಗ್ರಾಂ ದಾಟಿದ್ರೆ ಓಶಾ ಅನ್ನೋ ಇಲ್ಲಿನ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆಯ ನಿಯಮದ ಪ್ರಕಾರ ಕಂಪನಿಯೋರು ಆ ಕೆಲಸಗಾರ ಕೆಲಸ ಮಾಡೋ ಜಾಗಾನ, ರೀತೀನ ಮತ್ತೆ ಪರಿಶೀಲಿಸಲೇಬೇಕು. ಟೆಸ್ಟಿನ ಖರ್ಚೂ ಕಂಪನೀದೇ. ಆರೋಗ್ಯದ ಕಾರಣಕ್ಕೆ ಆ ಜಾಗದಿಂದ ತೆಗೀಬೇಕಾಗಿ ಬಂದ್ರೆ 18 ತಿಂಗಳವರೆಗೆ ಸಂಬಳ ಕಡಿಮೆ ಮಾಡೋ ಹಾಗಿಲ್ಲ, ಅದಕ್ಕೇ ಇಲ್ಲಿ ಜನ ಹೆದರದೆ ಟೆಸ್ಟ್ ಮಾಡಿಸ್ಕೋತಾರೆ.

ಈಗ ತಮ್ಮನಿಗೆ. ನೀನು ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕಡೆ ಸೇರಿದೀಯ ಅಂತ ಅಮ್ಮ ಹೇಳಿದಾಗಿಂದ ನಂಗೆ ನಿದ್ದೆ ಸರಿಯಾಗಿ ಬರ್ತಿಲ್ಲ ಕಣೋ. "ಕ್ರಿಯಾಟಿನಿನ್ ನಾರ್ಮಲ್ ಅಕ್ಕಾ" ಅಂದೆ. ಕಿಡ್ನಿ ಶಕ್ತಿ ಸುಮಾರು ಅರ್ಧ ಹೋಗೋವರೆಗೂ ರಕ್ತದ ಕ್ರಿಯಾಟಿನಿನ್ ನಾರ್ಮಲ್ ಅಂತಲೇ ತೋರಿಸಬಹುದು, ಅದನ್ನ ನಂಬ್ಕೊಂಡು ಕೂರಬೇಡ, ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡೋ ಟೆಸ್ಟ್ ಬೇಕು ಅಂತ ಬಾಯಿಬಿಟ್ಟು ಕೇಳು, ಬಿಪೀನೂ ನೋಡಿಸ್ಕೋ. ಮುಖಕ್ಕೆ ಕಟ್ಟೋ ಬಟ್ಟೆ ಸೀಸದ ಹೊಗೆ ತಡೆಯಲ್ಲ. ಕೈ ತೊಳೀದೆ ಬೀಡಿ ಸಿಗರೇಟು ಬಾಯಿಗೆ ಇಟ್ರೆ ಸೀಸ ನೇರ ಹೊಟ್ಟೆಗೆ, ಮೇಲೆ ತಂಬಾಕಲ್ಲೇ ಕ್ಯಾಡ್ಮಿಯಂ ಇರತ್ತೆ, ದಯವಿಟ್ಟು ಬಿಟ್ಬಿಡು. ಕೆಲಸದ ಬಟ್ಟೇಲಿ ಮಗೂನ ಎತ್ಕೋಬೇಡ, ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಮನೆಗೆ ಬಾ, ಆ ಬಟ್ಟೆ ಬೇರೇನೇ ಒಗೀಬೇಕು. ಮಕ್ಕಳಿಗೆ ಇಷ್ಟು ಸೀಸ ಇದ್ರೆ ಪರವಾಗಿಲ್ಲ ಅನ್ನೋ ಮಟ್ಟಾನೇ ಇಲ್ಲ. ನಿನ್ನ ಹೆಂಡತಿಗೆ ರಕ್ತ ಕಮ್ಮಿ ಅಂತಿದ್ಯಲ್ಲ, ಐರನ್ ಕಮ್ಮಿ ಇದ್ರೆ ಹೊಟ್ಟೆ ಈ ಲೋಹಗಳನ್ನ ಇನ್ನೂ ಜಾಸ್ತಿ ಹೀರತ್ತೆ, ಅದನ್ನೂ ಡಾಕ್ಟರ್ ಹತ್ರ ತೋರಿಸು.

ಅಮ್ಮಾ, ಅವನ ರಿಪೋರ್ಟ್ ಬಂದ ತಕ್ಷಣ ಪ್ರತಿ ಪುಟದ ಫೋಟೋ ಕಳ್ಸು. ಟೆಸ್ಟಿಗೆ ದುಡ್ಡು ನಾನು ಕಳಿಸ್ತಿದೀನಿ, ಬೇರೆ ಖರ್ಚಿಗೆ ಮುಟ್ಟಬೇಡಿ.

ನಿನ್ನ ಮಗಳು