ನೀರಿನಡಿಯ ರೈಲು: ಕಥೆಯ ಜೊತೆಗೆ ನೆನಪೂ ದಾಖಲಾಗಲಿ

ಸಂಪಾದಕರಿಗೆ,

ಮಾನ್ಯರೇ,

ಕೆರೆ, ಹೊಳೆ, ಜಲಾಶಯಗಳ ತಳದಲ್ಲಿ ಹಳೆಯ ರೈಲುಗಳು ಮಲಗಿವೆ ಎಂಬ ಜನರ ಮಾತುಗಳನ್ನು ಕುರಿತು ತಮ್ಮ ಭಾನುವಾರದ ಸಂಚಿಕೆಯಲ್ಲಿ ಬಂದ ಬರಹವನ್ನು ಎರಡು ಬಾರಿ ಓದಿದೆ. ಹರಿಹರದಲ್ಲಿ ಹುಟ್ಟಿ, ಇಂಥದೇ ಕಥೆಯೊಂದನ್ನು ಕೇಳುತ್ತ ಬೆಳೆದವನಾದ್ದರಿಂದ ಮೊದಲ ಸಲ ಓದಿದಾಗ ಬಹಳ ಸಂತೋಷವಾಯಿತು. ಎರಡನೆಯ ಸಲ ಓದುವಾಗ ಕಸಿವಿಸಿಯಾಯಿತು. ಜನ ಹೇಳುವುದು ಎಲ್ಲಿ ಮುಗಿಯಿತು, ನಿಜವಾಗಿ ನಡೆದದ್ದು ಎಲ್ಲಿ ಆರಂಭವಾಯಿತು ಎಂಬುದು ಆ ಬರಹದಲ್ಲಿ ಎಲ್ಲಿಯೂ ತಿಳಿಯುವಂತಿರಲಿಲ್ಲ. ಈ ವಿಷಯದಲ್ಲಿ ನಾಲ್ಕು ಮಾತು ಬರೆಯಲು ಅವಕಾಶ ಕೋರುತ್ತೇನೆ.

ಹರಿಹರದ ರೈಲ್ವೆ ಸೇತುವೆಯ ಕೆಳಗಿನ ಮಡುವಿನಲ್ಲಿ ಒಂದು ಇಡೀ ರೈಲು ಮುಳುಗಿದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. "ಮಡುವಿನ ಕಡಿಗೆ ಹೋಗಬ್ಯಾಡ್ರೋ, ತಳದಾಗ ರೈಲು ಐತಿ, ಕಾಲು ಸಿಕ್ಕೊಂಡ್ರೆ ಮ್ಯಾಲೆ ಬರಂಗಿಲ್ಲ" ಎಂಬುದು ಬೇಸಿಗೆ ರಜೆಯಲ್ಲಿ ನಾವು ದಿನವೂ ಕೇಳುತ್ತಿದ್ದ ಮಾತು. ಅಮಾವಾಸ್ಯೆಯ ರಾತ್ರಿ ಅದರ ಸಿಳ್ಳು ಕೇಳಿಸುತ್ತದೆ ಎಂದೂ ಅವರು ಸೇರಿಸುತ್ತಿದ್ದರು. ಮೀಟರ್ ಗೇಜಿನ ಉಗಿ ಎಂಜಿನ್ನುಗಳು ಸೇತುವೆ ದಾಟುವಾಗ ಕೂಗಿದ ಸದ್ದು ನೀರಿನ ಮೇಲೆ ತೇಲಿ ಬಂದು ಬಹಳ ಹೊತ್ತು ಕಿವಿಯಲ್ಲಿ ಉಳಿಯುತ್ತಿದ್ದ ಕಾಲ ಅದು. ಹಾಗಾಗಿ ಆ ಮಾತನ್ನು ನಾವು ಒಂದಿಷ್ಟೂ ಅನುಮಾನಿಸಲಿಲ್ಲ.

ಆ ಕಥೆಯಿಂದ ಆದ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ. ಈಜು ಬಾರದ ನಮ್ಮಂಥ ಮಕ್ಕಳನ್ನು ಸುಳಿಯಿಂದ ದೂರ ಇಟ್ಟದ್ದು ಅದೇ. ಮಡು ಆಳವಾಗಿದೆ ಎಂದಷ್ಟೇ ಹೇಳಿದ್ದರೆ ಯಾವ ಹುಡುಗನೂ ಕಿವಿಗೊಡುತ್ತಿರಲಿಲ್ಲ. ಎಷ್ಟು ಆಳವೆಂದು ನೋಡಲು ಇಳಿಯುವವರೇ ಹೆಚ್ಚಾಗುತ್ತಿದ್ದರು. ಮರಳು ತೆಗೆದ ಗುಂಡಿಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ, ಈ ಹೊಸ ಗುಂಡಿಗಳ ಬಗ್ಗೆ ಹೇಳಲು ಒಬ್ಬ ಅಜ್ಜಿಗೂ ಒಂದು ಕಥೆ ಇಲ್ಲವಾಯಿತಲ್ಲ ಎಂದು ಸಂಕಟವಾಗುತ್ತದೆ.

ಆದರೆ ಅಜ್ಜಿ ಹೇಳಿದ ರೈಲಿಗೆ ಹೆಸರಿರಲಿಲ್ಲ, ಹೊರಟ ಊರಿರಲಿಲ್ಲ, ಇಸವಿ ಇರಲಿಲ್ಲ, ಸತ್ತವರ ಮನೆಯವರೂ ಇರಲಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹರಿಹರದ ಬಳಿ ತುಂಗಭದ್ರೆ ಬಂಡೆ, ಮರಳು ಕಾಣುವಷ್ಟು ಇಳಿಯುತ್ತದೆ. ಹತ್ತು ಅಡಿ ಎತ್ತರದ ಎಂಜಿನ್ನೊಂದು ಅಲ್ಲಿದ್ದಿದ್ದರೆ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಮರಳು ತೆಗೆಯುವವರಲ್ಲಿ ಒಬ್ಬರ ಕಣ್ಣಿಗಾದರೂ ಬೀಳಬೇಕಿತ್ತು. ಭಾರದ ವಸ್ತು ಮರಳಿನೊಳಗೆ ಇಳಿದುಹೋಗುವುದಿಲ್ಲವೇ ಎಂದು ಕೇಳಬಹುದು, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಪ್ರವಾಹದ ನೀರು ಅಡ್ಡ ಬಿದ್ದ ವಸ್ತುವಿನ ಸುತ್ತ ಸುತ್ತಿ ಅದರ ಬುಡದ ಮರಳನ್ನು ಕೊರೆಯುತ್ತದೆ, ವಸ್ತು ಆ ಕುಳಿಗೆ ಜಾರುತ್ತದೆ, ನೀರು ಇಳಿಯುವಾಗ ಅದರ ಮೇಲೆ ಮತ್ತೆ ಮರಳು ಕೂಡುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ 1878ರ ಮೇ ತಿಂಗಳಿನಲ್ಲಿ ಕಯೋವಾ ಎಂಬ ಹಳ್ಳಕ್ಕೆ ಪ್ರವಾಹ ಬಂದು ಸೇತುವೆ ಕೊಚ್ಚಿಹೋದಾಗ ಒಂದು ಎಂಜಿನ್ ಹೀಗೆಯೇ ಮರಳಿನಲ್ಲಿ ಕಣ್ಮರೆಯಾಯಿತು. ಅದು ಅಲ್ಲಿಯೇ ಇದೆ ಎಂದು ಜನ ನೂರು ವರ್ಷ ನಂಬಿದರು, ಉಪಕರಣ ಹಿಡಿದು ಹುಡುಕಿದರು. ಕೊನೆಗೆ ಹಳೆಯ ಕಡತಗಳನ್ನು ತೆಗೆದು ನೋಡಿದಾಗ, ರೈಲ್ವೆ ಕಂಪನಿಯೇ ಅದನ್ನು ಸದ್ದಿಲ್ಲದೆ ಅಗೆದು ತೆಗೆದು, ದುರಸ್ತಿ ಮಾಡಿ, ಬೇರೆ ಸಂಖ್ಯೆ ಕೊಟ್ಟು ಓಡಿಸಿತ್ತೆಂದು ತಿಳಿಯಿತು.

ಎಂಜಿನ್ ಬಹಳ ಬೆಲೆಯ ವಸ್ತು; ಅದನ್ನು ಮೇಲೆತ್ತಲು ಸಾಧ್ಯವಿರುವವರೆಗೆ ಯಾವ ಕಂಪನಿಯೂ ನೀರಿನಲ್ಲಿ ಬಿಟ್ಟು ಹೋಗುವುದಿಲ್ಲ. ಸ್ಕಾಟ್ಲೆಂಡಿನ ಟೇ ನದಿಯ ಸೇತುವೆ 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಕುಸಿದು, ಅದರ ಮೇಲಿದ್ದ ರೈಲು ಪ್ರಯಾಣಿಕರ ಸಮೇತ ನದಿಗೆ ಬಿತ್ತು. ಒಬ್ಬರೂ ಬದುಕಲಿಲ್ಲ. ಎಂಜಿನ್ನನ್ನು ಮಾತ್ರ ನದಿಯ ತಳದಿಂದ ಎತ್ತಿ ರಿಪೇರಿ ಮಾಡಿದರು. ಅದು ಮುಂದೆ 1919ರವರೆಗೂ ದುಡಿಯಿತು. ಅದಕ್ಕೆ ರೈಲ್ವೆಯವರು ಇಟ್ಟ ಅಡ್ಡಹೆಸರು 'ಡೈವರ್', ಅಂದರೆ ಮುಳುಗಿ ಎದ್ದದ್ದು.

ಇಷ್ಟು ಹೇಳಿ ಎಲ್ಲ ಕಥೆಗಳೂ ಸುಳ್ಳು ಎನ್ನಲು ಹೊರಟರೆ ಅದೂ ಅನ್ಯಾಯವಾದೀತು. ಕೆನಡಾದಲ್ಲಿ 1910ರ ಜೂನ್ ತಿಂಗಳಿನಲ್ಲಿ ಹಳಿಯ ಮೇಲೆ ಉರುಳಿ ಬಿದ್ದ ಬಂಡೆಗೆ ಡಿಕ್ಕಿ ಹೊಡೆದ 694ನೇ ಸಂಖ್ಯೆಯ ಎಂಜಿನ್ ಸುಪೀರಿಯರ್ ಸರೋವರಕ್ಕೆ ಬಿದ್ದಿತ್ತು. ನೂರು ವರ್ಷಗಳ ಮೇಲೆ, 2014ರಲ್ಲಿ, ಅದು ಸರೋವರದ ತಳದಲ್ಲಿ ಪತ್ತೆಯಾಯಿತು. ಆದರೆ ಆ ಎಂಜಿನ್ನಿಗೆ ಸಂಖ್ಯೆ ಇತ್ತು, ಬಿದ್ದ ದಿನ ಇತ್ತು, ಅದರೊಂದಿಗೆ ಹೋದ ಮೂವರು ಕೆಲಸಗಾರರಿದ್ದರು. ಹುಡುಕಿದವರು ಹುಡುಕಿದ್ದು ಆ ಆಧಾರದ ಮೇಲೆ.

ನನಗೆ ಹೆಚ್ಚು ನೋವಾದದ್ದು ತಮ್ಮ ಬರಹದ ಇನ್ನೊಂದು ಭಾಗದಿಂದ. ನಿಜವಾಗಿಯೂ ನೀರಿಗೆ ಬಿದ್ದ ರೈಲುಗಳನ್ನು ಅಮಾವಾಸ್ಯೆಯ ಸಿಳ್ಳಿನ ಕಥೆಗಳ ಸಾಲಿನಲ್ಲಿಯೇ ಅದು ಪೋಣಿಸಿತ್ತು. 1988ರ ಜುಲೈ 8ರಂದು ಕೇರಳದ ಕೊಲ್ಲಂ ಬಳಿಯ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿದ್ದ ಐಲೆಂಡ್ ಎಕ್ಸ್‌ಪ್ರೆಸ್ ನಮ್ಮ ಬೆಂಗಳೂರಿನಿಂದಲೇ ಹೊರಟ ರೈಲು. 105 ಜನ ಸತ್ತರು. ಸುಂಟರಗಾಳಿ ಕಾರಣವೆಂದು ಅಧಿಕೃತ ತನಿಖೆ ಹೇಳಿತು. ಅದನ್ನು ಅನೇಕರು ಒಪ್ಪಲಿಲ್ಲ, ಇಂದಿಗೂ ಒಪ್ಪುತ್ತಿಲ್ಲ. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತದಲ್ಲಿ ಪಾಂಬನ್‌ನಿಂದ ಧನುಷ್ಕೋಟಿಗೆ ಹೊರಟಿದ್ದ 653ನೇ ಪ್ಯಾಸೆಂಜರ್ ರೈಲು, ನಿಲ್ದಾಣ ಇನ್ನೇನು ಸಿಕ್ಕಿತು ಎನ್ನುವಾಗ, ಸಮುದ್ರದ ಪಾಲಾಯಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ಬಿಹಾರದಲ್ಲಿ 1981ರ ಜೂನ್ 6ರಂದು ಬಾಗಮತಿ ನದಿಗೆ ಬಿದ್ದ ರೈಲಿನಲ್ಲಿ ಸತ್ತವರು ಇನ್ನೂ ಹೆಚ್ಚು. ಸತ್ತವರ ಮಕ್ಕಳು, ಸೊಸೆಯಂದಿರು ಇನ್ನೂ ನಮ್ಮ ನಡುವೆ ಇರುವಾಗ, ನೀರಿನಿಂದ ಕೂಗು ಕೇಳಿಸುತ್ತದೆ ಎಂದು ಆ ಜಾಗಗಳ ಬಗ್ಗೆ ಅಚ್ಚು ಹಾಕುವುದು ಸರಿಯಲ್ಲವೆಂದು ನನ್ನ ಖಚಿತ ಅಭಿಪ್ರಾಯ.

ಇನ್ನು ನಮ್ಮ ಸೀಮೆಯ ವಿಷಯ. ದೊಡ್ಡ ನೀರು ಎಲ್ಲಿದೆಯೋ ಅಲ್ಲಿ ತಳದಲ್ಲಿ ಏನೋ ಇದೆ ಎನ್ನುವುದು ನಮ್ಮ ಹಳೆಯ ರೂಢಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತವ್ವನ ಕಥೆಯಿದೆ; ಅದರ ಅಡಿಯಲ್ಲಿ ಪಟ್ಟಣವೇ ಇದೆ ಎನ್ನುವವರಿದ್ದಾರೆ. ಅಂಥ ಕಥೆಯ ಪಕ್ಕದಲ್ಲಿ ರೈಲು ಬಂದು ಸೇರಿಕೊಂಡದ್ದು ಸಹಜ. ಆದರೆ ರೈಲಿನ ಕಥೆಗೆ ನಮ್ಮಲ್ಲಿ ಇನ್ನೂ ಹತ್ತಿರದ ಕಾರಣವೊಂದಿದೆ, ಮತ್ತು ತಮ್ಮ ಬರಹ ಅದನ್ನು ಮುಟ್ಟಲೇ ಇಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಕಿರುಹಳಿಯ ಮೇಲೆ ಪುಟ್ಟ ರೈಲೊಂದು ಓಡುತ್ತಿತ್ತು. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಎದ್ದಾಗ, ಅದರ ಹಿನ್ನೀರು ಊರು, ಗದ್ದೆ, ಕಾಡುಗಳ ಜೊತೆಗೆ ಆ ರೈಲುದಾರಿಯ ಒಂದು ಭಾಗವನ್ನೂ ಮುಳುಗಿಸಿತು. 186 ಅಡಿ ಮುಟ್ಟಿತೇ ಎಂದು ದಾವಣಗೆರೆ ಅಚ್ಚುಕಟ್ಟಿನ ರೈತರು ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಹುಡುಕುವುದು ಇದೇ ಜಲಾಶಯದ ಮಟ್ಟವನ್ನು. ನಮ್ಮ ಭತ್ತ, ನಮ್ಮ ಅಡಿಕೆ ಆ 71.5 ಟಿಎಂಸಿ ಅಡಿ ನೀರಿನಲ್ಲಿ ಬೆಳೆಯುತ್ತವೆ.

ಮಾರ್ಗ ಮುಚ್ಚುವಾಗ ಎಂಜಿನ್ನು, ಬೋಗಿಗಳನ್ನು ಸಾಗಿಸುತ್ತಾರೆ; ಹಳಿಯ ಕಬ್ಬಿಣಕ್ಕೂ ಬೆಲೆಯಿರುವುದರಿಂದ ಅದನ್ನೂ ಕಿತ್ತು ಒಯ್ಯುತ್ತಾರೆ. ನೀರಿನ ಪಾಲಾಗುವುದು ಮಣ್ಣಿನ ಏರಿ, ಕಲ್ಲಿನ ಮೋರಿ, ಗುಡ್ಡ ಕಡಿದ ದಾರಿ. ಮುಳುಗಡೆಯಾದ ಊರಿನವರು ಮಕ್ಕಳಿಗೆ "ನಮ್ಮೂರ ರೈಲು ನೀರಾಗ ಹೋಯ್ತು" ಎಂದು ಹೇಳಿದ್ದರೆ ಅದು ಅಕ್ಷರಶಃ ನಿಜವಾದ ಮಾತು. ಮಕ್ಕಳ ಮಕ್ಕಳು ಅದನ್ನು ಒಂದು ಇಡೀ ರೈಲು, ಒಳಗೆ ಜನ, ಮೇಲೆ ಹೊಗೆ ಎಂದು ಕಲ್ಪಿಸಿಕೊಂಡಿರಬೇಕು. ಹರಿಹರದ ಕಥೆಯೂ ಭದ್ರೆಯ ಆ ಕಡೆಯಿಂದ ಕೂಲಿಗೆ, ಮದುವೆಗೆ ಬಂದವರ ಬಾಯಿಂದಲೇ ನಮ್ಮೂರಿಗೆ ಬಂದಿತೋ ಏನೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ಕಥೆಗಳನ್ನು ದಯವಿಟ್ಟು ಪ್ರಕಟಿಸಿರಿ. ಹೇಳಿದವರ ಊರು, ಅವರು ಯಾರಿಂದ ಕೇಳಿದರು ಎಂಬುದನ್ನೂ ಜೊತೆಗೆ ಬರೆಯಿರಿ. ತರೀಕೆರೆ, ಲಕ್ಕವಳ್ಳಿ, ನರಸಿಂಹರಾಜಪುರದ ಕಡೆಗೆ ತಮ್ಮ ವರದಿಗಾರರನ್ನು ಕಳುಹಿಸಿ, ಆ ರೈಲಿನಲ್ಲಿ ನಿಜವಾಗಿ ಕುಳಿತವರನ್ನು ಮಾತನಾಡಿಸಿರಿ. ಇದಕ್ಕೆ ಹೆಚ್ಚು ಕಾಲವಿಲ್ಲ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿದ್ದದ್ದು ಮತ್ತೆ 2022ರಲ್ಲಿ ಕೋಡಿ ಬಿದ್ದಾಗ ನಾನೂ ಹಿರಿಯೂರಿಗೆ ಹೋಗಿದ್ದೆ. ಮೊದಲ ಕೋಡಿಯನ್ನು ಕಂಡವರು ಯಾರಾದರೂ ಸಿಕ್ಕಾರೇ ಎಂದು ಜನಜಂಗುಳಿಯಲ್ಲಿ ಕೇಳುತ್ತ ನಡೆದೆ; ನಮ್ಮಪ್ಪ ಹೇಳುತ್ತಿದ್ದರು, ನಮ್ಮಜ್ಜ ಹೇಳುತ್ತಿದ್ದರು ಎನ್ನುವವರಷ್ಟೇ ಸಿಕ್ಕರು. 1933ರಲ್ಲಿ ಹತ್ತು ವರ್ಷದವನಾಗಿದ್ದವನಿಗೆ ಆಗ ತೊಂಬತ್ತೊಂಬತ್ತು ತುಂಬಿರಬೇಕು. ಭದ್ರೆಯ ನೀರು ಏರುವ ಮೊದಲು ಆ ಪುಟ್ಟ ರೈಲನ್ನು ಹತ್ತಿದ ಮಕ್ಕಳು ಈಗ ಎಪ್ಪತ್ತು ದಾಟಿದವರು.

ನಮ್ಮ ದೊಡ್ಡಮ್ಮ ಅವರಲ್ಲೊಬ್ಬರಾಗಿದ್ದರು. ಎಂಜಿನ್ನಿನಿಂದ ಹಾರಿಬಂದ ಕಿಡಿ ತಮ್ಮ ಹೊಸ ಲಂಗಕ್ಕೆ ತೂತು ಮಾಡಿದ್ದನ್ನು, ಅದಕ್ಕಾಗಿ ತರೀಕೆರೆ ಬರುವವರೆಗೂ ಅತ್ತದ್ದನ್ನು ಅವರು ಅನೇಕ ಸಲ ಹೇಳಿದ್ದರು. ಯಾವ ನಿಲ್ದಾಣಗಳಿದ್ದವು, ಟಿಕೆಟ್ ಎಷ್ಟಿತ್ತು, ಕೊನೆಯ ದಿನ ಯಾರು ಬಂದು ನಿಂತಿದ್ದರು ಎಂದು ಒಮ್ಮೆ ಕುಳಿತು ಬರೆದುಕೊಳ್ಳಬೇಕೆಂದು ನಾನು ಒಂದು ನೋಟುಪುಸ್ತಕವನ್ನೂ ಕೊಂಡಿಟ್ಟಿದ್ದೆ. ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಆ ಪುಸ್ತಕದಲ್ಲಿ ಈಗ ಲಂಗದ ಸಂಗತಿಯೊಂದೇ ಇದೆ. ತಮ್ಮ ವರದಿಗಾರರು ಆ ಕಡೆ ಹೊರಡುವುದಾದರೆ, ಅವರೊಂದಿಗೆ ಬಂದು ಉಳಿದ ಪುಟಗಳನ್ನು ತುಂಬಿಸಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ದಾವಣಗೆರೆ