ಸೊಟ್ಟ ನಾಣ್ಯವೆಲ್ಲ ಟಂಕಸಾಲೆಯ ದೋಷವಲ್ಲ

ಮಾನ್ಯ ಸಂಪಾದಕರೇ,

‘ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಭಾರೀ ಬೆಲೆ’ ಎಂಬ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಲೇ ಇವೆ. ಅವನ್ನು ನಂಬಿ ಕೆಲವರು ಜಜ್ಜಿಹೋದ ನಾಣ್ಯವನ್ನು ಜೋಪಾನ ಮಾಡುತ್ತಾರೆ, ಇನ್ನು ಕೆಲವರು ನಿಜಕ್ಕೂ ಬೆಲೆಬಾಳುವುದನ್ನು ಉಜ್ಜಿ ತೊಳೆದು ಕೆಡಿಸುತ್ತಾರೆ.

ದೋಷ ಹುಟ್ಟುವುದು ಟಂಕಸಾಲೆಯೊಳಗೆ: ಬಿಲ್ಲೆಯಲ್ಲಿ (ಚಿತ್ರ ಮೂಡುವ ಮುಂಚಿನ ಖಾಲಿ ಲೋಹದ ತುಂಡು), ಚಿತ್ರ ಮೂಡಿಸುವ ಅಚ್ಚಿನಲ್ಲಿ ಅಥವಾ ಒತ್ತುವ ಗಳಿಗೆಯಲ್ಲಿ. ಆಮೇಲಿನದ್ದೆಲ್ಲ ಬರೀ ಹಾನಿ. ಪರೀಕ್ಷೆಗೆ 10 ಪಟ್ಟಿನ ಭೂತಗನ್ನಡಿ, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಸಾಕು. ಅಚ್ಚು ಬಿರುಕು ಬಿಟ್ಟರೆ ಲೋಹ ಅದರೊಳಗೆ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ತಗ್ಗಿದ ಗೆರೆ ಬಹುಪಾಲು ಗೀರು.

ಅಂಚು ಕಚ್ಚಿದಂತಿದ್ದರೆ ಅದರ ನೇರ ಎದುರು ಬದಿ ನೋಡಿ. ತಗಡಿನಲ್ಲಿ ಆಗಲೇ ಬಿದ್ದ ತೂತಿನ ಮೇಲೆ, ಬಿಲ್ಲೆ ಕತ್ತರಿಸುವ ಪಂಚ್ ಮತ್ತೆ ಬಿದ್ದರೆ ಬಿಲ್ಲೆ ಹೀಗೆ ಮೊಟಕಾಗುತ್ತದೆ. ಅಂಚೆತ್ತುವ ಯಂತ್ರದಲ್ಲಿ ಆ ಭಾಗ ಸರಿಯಾಗಿ ಒತ್ತಿಕೊಳ್ಳದ ಕಾರಣ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿ ಮೂಡುತ್ತದೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಎದುರಂಚು ಗಟ್ಟಿಯಾಗಿಯೇ ಇರುತ್ತದೆ. ನಾವು ಮೊದಲು ನೋಡುವುದೇ ಇದನ್ನು.

ಜೋಡಿಯಾಗಿ ಕಾಣುವ ಅಕ್ಷರಗಳಲ್ಲಿ ಮೋಸಹೋಗುವವರು ಹೆಚ್ಚು. ಒತ್ತುವಾಗ ಅಚ್ಚು ಅದುರಿದರೆ ಅಕ್ಷರದ ಬದಿ ಚಪ್ಪಟೆ ಮೆಟ್ಟಿಲಾಗಿ, ಅಕ್ಷರವೇ ಸಣಕಲಾಗುತ್ತದೆ. ಇದಕ್ಕೆ ಹೆಚ್ಚುವರಿ ಬೆಲೆ ಇಲ್ಲವೆಂದೇ ಹೇಳಬೇಕು. ಅಚ್ಚು ತಯಾರಿಸುವಾಗಲೇ ಚಿತ್ರ ಎರಡು ಸಲ ಓರೆಯಾಗಿ ಬಿದ್ದಿದ್ದರೆ ಎರಡೂ ಅಕ್ಷರ ದುಂಡಗೆ ಉಬ್ಬಿ, ತುದಿಗಳು ಸೀಳಿದಂತಿರುತ್ತವೆ. ಅಮೆರಿಕದ 1955ರ ಲಿಂಕನ್ ಸೆಂಟ್ ಹೆಸರಾದದ್ದು ಇದರಿಂದಲೇ. ಬ್ರಿಟನ್ನಿನಲ್ಲಿ 2008ರಲ್ಲಿ 20 ಪೆನ್ಸ್‌ನ ಇಸವಿಯನ್ನು ಹಿಂಬದಿಯಿಂದ ಮುಂಬದಿಗೆ ಸರಿಸಿದಾಗ, ಹೊಸ ಹಿಂಬದಿಯ ಜೊತೆ ಹಳೆಯ ಮುಂಬದಿಯ ಅಚ್ಚು ಸೇರಿ, ಇಸವಿಯೇ ಇಲ್ಲದ ನಾಣ್ಯಗಳು ಬಂದವು. ಚಿತ್ರ ನಡು ತಪ್ಪಿ ಬಿದ್ದ ನಾಣ್ಯದಲ್ಲಿ ಶೇ 5ರ ಸರಿತಕ್ಕಿಂತ, ಅರ್ಧದಷ್ಟು ಸರಿದೂ ಇಸವಿ ಉಳಿದದ್ದಕ್ಕೆ ಬೇಡಿಕೆ ಬಹಳ ಹೆಚ್ಚು.

ದೋಷವಿಲ್ಲದ ಆಧುನಿಕ ನಾಣ್ಯಗಳು ಕೋಟಿಗಟ್ಟಲೆ ಇರುವುದರಿಂದ ಸವೆದದ್ದಕ್ಕೆ ಮುಖಬೆಲೆಯಷ್ಟೇ. ನಾಣ್ಯದ ಸ್ಥಿತಿ ಅಳೆಯುವ 70 ಅಂಕಗಳ ಶೆಲ್ಡನ್ ಮಾಪಕದಲ್ಲಿ 60ರಿಂದ ಮೇಲಿನವು ಚಲಾವಣೆಯ ಸವೆತವಿಲ್ಲದವು. ಸಂಗ್ರಾಹಕರ ಪೈಪೋಟಿ ಅದರ ತುದಿಯ ಅಂಕಗಳಿಗೆ. ಸವೆಯದ ನಾಣ್ಯವನ್ನು ದೀಪದಡಿ ಓರೆಯಾಗಿ ಹಿಡಿದು ತಿರುಗಿಸಿದರೆ ಹೊಳಪು ಚಕ್ರದ ಅರೆಗಳಂತೆ ಸುತ್ತಬೇಕು. ಒತ್ತಡಕ್ಕೆ ಲೋಹ ಹರಿದು ಮೂಡಿದ ಅತಿಸೂಕ್ಷ್ಮ ಗೆರೆಗಳ ಹೊಳಪದು. ಪಾಲಿಶ್, ಆಮ್ಲ, ಟೂತ್‌ಪೇಸ್ಟ್ ಆ ಗೆರೆಗಳನ್ನೇ ಅಳಿಸುತ್ತವೆ, ಮತ್ತೆ ಬರುವುದಿಲ್ಲ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ. ಮೆತ್ತನೆಯ ಪಿವಿಸಿ ಲಕೋಟೆಯಿಂದ ಹಸಿರು ಜಿಗುಟು ಕೂರುತ್ತದೆ. ಗಟ್ಟಿ ಮೈಲಾರ್ (ಪಾಲಿಯೆಸ್ಟರ್ ಹಾಳೆ) ಲಕೋಟೆ ಒಳ್ಳೆಯದು.

ಪತ್ರಿಕೆಯಲ್ಲಿ ನಮ್ಮದೊಂದು ಕೋರಿಕೆ: ‘ಅಪರೂಪದ ನಾಣ್ಯ’ದ ಸುದ್ದಿ ಬಂದಾಗ ಎರಡೂ ಮುಖದ ಜೊತೆ ಅಂಚಿನ ಚಿತ್ರ, ತೂಕವನ್ನೂ ಪ್ರಕಟಿಸಿ.

– ನಾಣ್ಯ ಸಂಗ್ರಾಹಕರು